ನಾಲ್ಕನೇ ಜ್ವರ

ನಾನು ಪ್ರಾರ್ಥನಾ ಮಂದಿರ ಬಿಟ್ಟದ್ದು ಯಾರೊಂದಿಗೂ ಜಗಳವಾಡಿ ಅಲ್ಲ. ಕೊರೊನಾ ಬಂದಾಗ ಅದರ ಬಾಗಿಲು ಮುಚ್ಚಿತು. ಭಾನುವಾರ ಬೆಳಿಗ್ಗೆ ಚಾಪೆ ಹಾಸುವ ಕೆಲಸವಿಲ್ಲ, ದೊಡ್ಡ ಪಾತ್ರೆಯಲ್ಲಿ ಟೀ ಇಡುವ ಕೆಲಸವಿಲ್ಲ, ಆರಾಧನೆ ಮುಗಿದ ಮೇಲೆ ನೆಲ ಒರೆಸುವುದಿಲ್ಲ. ಚನ್ನಪಟ್ಟಣದ ನಮ್ಮ ಬಾಡಿಗೆ ಮನೆಯಲ್ಲಿ ಅವ್ವ ಮತ್ತು ನಾನು ಮೊರದಲ್ಲಿ ಹುರುಳಿಕಾಳು ಹರಡಿಕೊಂಡು ಕಲ್ಲು ಆರಿಸುತ್ತಿದ್ದೆವು. ತಿಂಗಳುಗಳು ಹಾಗೇ ಕಳೆದವು. ಬಾಗಿಲು ಮತ್ತೆ ತೆರೆದ ಭಾನುವಾರ ಅವ್ವ ಬಿಳಿ ಸೀರೆ ಉಟ್ಟು, ಬೈಬಲ್ಲಿನ ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಳು. ನಾನು ಏಳಲಿಲ್ಲ. ಮೈಗೆ ಹುಷಾರಿಲ್ಲ ಎಂದೆ. ಮುಂದಿನ ಭಾನುವಾರ ಆ ಸುಳ್ಳನ್ನೂ ಹೇಳಲಿಲ್ಲ.

ಬಿಟ್ಟ ಮೇಲೆ ಬೇರೆಯೇ ಒಂದು ಕೆಲಸ ಶುರುವಾಯಿತು. ಗೊಂಬೆ ಕಾರ್ಖಾನೆಯಲ್ಲಿ ನಾನು ಮಾಡುವುದು ಅರಗಿನ ಬಣ್ಣ ಹಚ್ಚಿ ಬಂದ ಗೊಂಬೆಗಳಿಗೆ ಕಣ್ಣಿನ ಚುಕ್ಕಿ ಇಡುವುದು. ಕೈಗೆ ಕೆಲಸವಿರುತ್ತದೆ, ಮನಸ್ಸಿಗೆ ಇರುವುದಿಲ್ಲ. ಆ ಹೊತ್ತಿನಲ್ಲಿ ಮಂದಿರದಲ್ಲಿ ನನಗಾದ ಅನುಭವಗಳನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದು ನೋಡತೊಡಗಿದೆ.

ಪಾಸ್ಟರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಅವರು ಹಣೆಯ ಮೇಲೆ ಕೈಯಿಟ್ಟರೆ ನಾನು ಹಿಂದಕ್ಕೆ ಬಿದ್ದುಬಿಡುತ್ತಿದ್ದೆ. ಪವಿತ್ರಾತ್ಮನ ಬಲ ಎನ್ನುತ್ತಿದ್ದರು. ಈಗ ನೆನೆದರೆ, ಬೀಳುವ ಮುಂಚೆ ನಾನು ಬಲಗಾಲನ್ನು ಒಂದಿಷ್ಟು ಹಿಂದಕ್ಕೆ ಇಟ್ಟುಕೊಳ್ಳುತ್ತಿದ್ದುದು ನೆನಪಾಗುತ್ತದೆ. ಬೆನ್ನ ಹಿಂದೆ ಇಬ್ಬರು ಹೆಂಗಸರು ದುಪ್ಪಟಿ ಹಿಡಿದು ನಿಂತಿರುತ್ತಿದ್ದರು, ಬಿದ್ದವಳ ಕಾಲ ಮೇಲೆ ಹೊದಿಸಲು. ಅವರನ್ನು ಸುಮ್ಮನೆ ನಿಲ್ಲಿಸಿಬಿಡುವುದು ಹೇಗೆ ಎಂಬ ಸಂಕೋಚವೂ ಆ ಬಲದೊಳಗೆ ಸೇರಿತ್ತೋ ಏನೋ.

ಅನ್ಯಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದೆ. ಯಾರಿಗೂ ಅರ್ಥವಾಗದ, ದೇವದೂತರದು ಎಂದು ಅಯ್ಯನವರು ಹೇಳುತ್ತಿದ್ದ ಭಾಷೆ. ಒಂದು ಬೆಳಿಗ್ಗೆ ಸಾರು ಕುದಿಸುತ್ತ ನಿಂತಿದ್ದಾಗ ಅದೇ ಶಬ್ದಗಳು ತಾವಾಗಿ ಬಾಯಿಗೆ ಬಂದವು. ಒಲೆಯ ಮುಂದೆ, ನಂಬಿಕೆಯೆಲ್ಲ ಹೋದ ಮೇಲೆ, ಅಷ್ಟೇ ಸರಾಗವಾಗಿ. ಜಡೆ ಹೆಣೆಯುವುದು ಕೈಗೆ ಹೇಗೆ ಅಭ್ಯಾಸವೋ ನಾಲಿಗೆಗೆ ಅದು ಹಾಗೆ ಅಭ್ಯಾಸವಾಗಿತ್ತು. ಗ್ಯಾಸ್ ಆರಿಸಿ ಅಲ್ಲೇ ಸ್ವಲ್ಪ ಹೊತ್ತು ಕೂತೆ. ಯಾರೋ ಹತ್ತಿರದವರು ತೀರಿಕೊಂಡ ಸುದ್ದಿ ಬಂದ ಹಾಗಿತ್ತು.

ಅಲ್ಲಿ ಅತ್ತ ಅಳು ಮಾತ್ರ ನಿಜವೇ ಇರಬೇಕು. ಅದು ಯಾತಕ್ಕೆಂದು ಈಗ ಹೇಳಲಾರೆ. ಅಳಲು ಒಂದು ಜಾಗ ಬೇಕಿತ್ತು, ಅಲ್ಲಿ ಜಾಗವಿತ್ತು.

ಹೀಗೆ ಒಂದೊಂದನ್ನೇ ಪಕ್ಕಕ್ಕಿಟ್ಟೆ. ಒಂದು ಮಾತ್ರ ಪಕ್ಕಕ್ಕೆ ಹೋಗಲಿಲ್ಲ. ಅದು ನನ್ನ ಜ್ವರ.

ನಮ್ಮದು ಕೋಡಿಹಳ್ಳಿ ಕಡೆಯ ಊರು. ನಾನು ಕೈಗೂಸಾಗಿದ್ದಾಗ ಅಯ್ಯನವರು ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಸುವಾರ್ತೆ ಹೇಳುತ್ತಿದ್ದರು. ನಾನು ಸಾಯುವ ಹಾಗಿದ್ದೆನಂತೆ, ಅವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರಂತೆ, ಮಾರನೆಯ ದಿನ ಎದ್ದು ಕೂತು ಊಟ ಕೇಳಿದೆನಂತೆ. ಇದು ನಮ್ಮ ಮಂದಿರದ ಮೊದಲ ಸಾಕ್ಷಿ. ಸಾಕ್ಷಿ ಎಂದರೆ ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ಎದ್ದು ಹೇಳುವುದು. ಅಯ್ಯನವರು ಇದನ್ನು ಹೇಳುವಾಗ ಒಂದು ಕೈ ನನ್ನ ಹೆಗಲ ಮೇಲೆ ಇರುತ್ತಿತ್ತು. "ನಾಲ್ಕು ಸಲ ಜ್ವರ ಬಂದು ಬಿದ್ದ ಕೂಸು ಇದು. ಮೂರು ಸಲ ಹೇಗೋ ಉಳಿಯಿತು. ನಾಲ್ಕನೇ ಸಲ ಕಣ್ಣೇ ತೆರೆಯಲಿಲ್ಲ!" ವರ್ಷ ಹೋದ ಹಾಗೆ ಆ ಕೂಸಿನ ಮೈ ತಣ್ಣಗಾಯಿತು, ಉಸಿರು ನಿಂತಿತು, ಕನಕಪುರದ ಡಾಕ್ಟರು ಕೈಚೆಲ್ಲಿದರು. ಮಾಗಡಿ, ತಿಪ್ಪಸಂದ್ರದ ಕಡೆ ಕೂಟಗಳಿಗೆ ಹೋದಾಗ ನಾನೇ ಮೈಕು ಹಿಡಿದು ಹೇಳುತ್ತಿದ್ದೆ. ಅಳದೆ ಕೇಳಿದವರಿಲ್ಲ. ನಾನೂ ಅಳುತ್ತಿದ್ದೆ.

ಹಾಗೆ ಉಳಿದ ಜೀವ ನನ್ನದಲ್ಲ, ಕೊಟ್ಟವನದು. ಇದನ್ನು ನನಗೆ ಯಾರೂ ಬಲವಂತವಾಗಿ ಹೇರಲಿಲ್ಲ. ಮಾತು ಕಲಿಯುವಾಗಲೇ ಇದನ್ನೂ ಕಲಿತೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಅಪ್ಪ ನನ್ನನ್ನು ಚನ್ನಪಟ್ಟಣದ ಮಂದಿರಕ್ಕೆ ತಂದು ಬಿಟ್ಟ. ಅಯ್ಯನವರ ಮನೆಯ ಅಡಿಗೆ, ಮಂದಿರದ ಕಸ, ಹೆಂಗಸರ ಉಪವಾಸ ಕೂಟ, ಕಾಯಿಲೆಯವರ ಮನೆಗೆ ಹೋಗಿ ಬರುವುದು, ಎಲ್ಲ ನನ್ನ ಪಾಲಿಗೆ ಬಂತು. ಮಾಗಡಿ ಕಡೆಯ ವಿಶ್ವಾಸಿಗಳ ಮನೆಯಿಂದ ಒಮ್ಮೆ ಸಂಬಂಧ ಕೇಳಿಕೊಂಡು ಬಂದರು. ಹುಡುಗ ಟೈಲರು. ಮಂದಿರದ ಹಿಂದಿನ ನಲ್ಲಿಯ ಹತ್ತಿರ ನಾನು ಪಾತ್ರೆ ತೊಳೆಯುತ್ತಿದ್ದಾಗ ಬಂದು ನೀರು ಕೇಳಿ ಕುಡಿದು, ಚೊಂಬನ್ನು ತಾನೇ ತೊಳೆದಿಟ್ಟು ಹೋದ. ಅಷ್ಟೇ ನಾನು ಅವನನ್ನು ಕಂಡದ್ದು. ಅಯ್ಯನವರು ಅವರಿಗೆ, "ಈಕೆ ದೇವರಿಗೆ ಪ್ರತಿಷ್ಠೆಯಾದವಳು," ಎಂದು ಹೇಳಿ ಕಳಿಸಿದರಂತೆ. ನನಗೆ ಸಂಜೆ ಗೊತ್ತಾಯಿತು. ಬೇಸರವಾಯಿತೇ ಎಂದರೆ, ಬೇಸರ ಮಾಡಿಕೊಳ್ಳುವ ಹಕ್ಕು ನನಗಿದೆ ಎಂದೇ ಅನಿಸಿರಲಿಲ್ಲ.

ಅಯ್ಯನವರು ತೀರಿಕೊಂಡರು, ಅಪ್ಪನೂ ಹೋದ. ಅವ್ವ ಊರು ಬಿಟ್ಟು ನನ್ನ ಜೊತೆ ಬಂದು ಇದ್ದಳು. ನಾನು ಮಂದಿರ ಬಿಟ್ಟ ಸುದ್ದಿ ಹರಡಿದ ಮೇಲೆ ಅಯ್ಯನವರ ಹೆಂಡತಿ, ನಾವು ಪಾಸ್ಟರಮ್ಮ ಎನ್ನುವವರು, ಒಮ್ಮೆ ಮನೆಗೆ ಬಂದರು. ಬೈಯಲಿಲ್ಲ. ನನ್ನ ಕೈಯನ್ನು ತಮ್ಮ ಎರಡು ಕೈಯೊಳಗೆ ಇಟ್ಟುಕೊಂಡು, "ಕೊಟ್ಟ ಪ್ರಾಣವನ್ನ ಕರ್ತನು ವಾಪಸ್ ಕೇಳಿದರೆ ಏನಮ್ಮಾ ಮಾಡ್ತೀಯಾ?" ಎಂದರು. ಮೆತ್ತಗೆ ಕೇಳಿದರು.

ಆ ಮಾತು ನನ್ನೊಳಗೆ ಕೂತಿತು. ನಂಬಿಕೆ ಹೋಗಿತ್ತು, ಹೆದರಿಕೆ ಹೋಗಿರಲಿಲ್ಲ. ಒಂದು ನೆಗಡಿ ಬಂದರೂ ಹಣೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕಾರ್ಖಾನೆಯಲ್ಲಿ ತಲೆ ಸುತ್ತಿದರೆ, ಬಂತು, ಕೇಳುವವನು ಬಂದ ಎಂದುಕೊಳ್ಳುತ್ತಿದ್ದೆ. ಬಿದ್ದದ್ದು ಸುಳ್ಳಿರಲಿ, ಭಾಷೆ ಸುಳ್ಳಿರಲಿ, ಆ ದಿನ ಸಾಯಬೇಕಿದ್ದ ಕೂಸು ಎದ್ದದ್ದು ನಿಜವಾದರೆ ನಾನು ಮಾಡಿರುವುದು ಎಂಥ ದ್ರೋಹ? ಅದು ನಿಜವೋ ಅಲ್ಲವೋ ಎಂದು ತಿಳಿಯದೆ ನನಗೆ ಬಿಡುಗಡೆ ಇರಲಿಲ್ಲ.

ಅದು ತಿಳಿದದ್ದು ಚಿಕ್ಕವ್ವನಿಂದ. ಚಿಕ್ಕವ್ವ ಎಂದರೆ ಅವ್ವನ ತಂಗಿ. ಅವ್ವನನ್ನು ಕೊಟ್ಟ ಮನೆಗೇ, ಅಪ್ಪನ ತಮ್ಮನಿಗೇ ಕೊಟ್ಟದ್ದು. ಅವಳು ಮಂದಿರದ ಸಹವಾಸಕ್ಕೆ ಬಂದವಳಲ್ಲ. ಇವತ್ತಿಗೂ ಊರಲ್ಲೇ ರೇಷ್ಮೆ ಹುಳ ಸಾಕುತ್ತಾಳೆ. ಅವರೆಕಾಯಿ ಕಾಲದಲ್ಲಿ ಒಂದು ಚೀಲ ತುಂಬಿಕೊಂಡು ಬಸ್ಸಿನಲ್ಲಿ ಬಂದಳು. ಮೂವರೂ ನಡುಮನೆಯಲ್ಲಿ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದೆವು. ಅವ್ವನಿಗೆ ಕಣ್ಣು ಮಂಜಾಗಿದೆ, ಬೆರಳಿನಲ್ಲೇ ಕಾಳು ಗುರುತಿಸುತ್ತಾಳೆ. ಸುಲಿಯುತ್ತ ಅವಳು ನನ್ನ ವಿಷಯ ತೆಗೆದಳು.

"ನೋಡೇ ಇವಳ. ನಾಲ್ಕು ಸಲ ಜ್ವರ ಬಂದಿದ್ದುನ್ನ ದೇವ್ರು ಎಬ್ಸಿ ಕುಂಡ್ರಿಸ್ದ. ಈಗ ಭಾನುವಾರ ಒಂದಿನ ಹೋಗು ಅಂದ್ರೆ ಗೋಡೆ ಕಡೆ ತಿರುಕ್ಕೋತಾಳೆ."

"ಯಾರಿಗ್ ಜ್ವರ ಕಣಕ್ಕ?" ಅಂದಳು ಚಿಕ್ಕವ್ವ.

"ಇವಳಿಗೆ. ಕೂಸಾಗಿದ್ದಾಗ."

"ಇವಳಿಗ್ಯಾವಾಗ್ ಬಂದಿತ್ತು? ನಾನೂ ಅದೇ ಮನೇಲಿದ್ದೆ. ಗುಂಡ್ಕಲ್ಲಂಗಿದ್ಲು. ಎತ್ತಿ ಎತ್ತಿ ನನ್ ಸೊಂಟ ಬಿದ್ದೋಗಿತ್ತು." ಅಷ್ಟು ಹೇಳಿದವಳು ಕೈಯಲ್ಲಿದ್ದ ಸೊಗಡಿನ ಕಾಯಿಯನ್ನು ಹಾಗೇ ಹಿಡಿದುಕೊಂಡು ಅವ್ವನ ಮುಖ ನೋಡಿದಳು. "ಅಯ್ಯೋ ನಿನ್ನ! ನಮ್ ಹುಳ ನಾಲ್ಕನೇ ಜ್ವರಕ್ಕೆ ಕುಂತಿದ್ವಲ್ಲ, ಆ ಸೈಕಲ್ ಅಯ್ನೋರು ಬಂದಿದ್ದಾಗ, ಅದಾ? ಅದುನ್ನ ಇವಳ ತಲೆಗೆ ಕಟ್ಟಿದ್ದೀರಾ?" ಎಂದು ಬಿದ್ದು ಬಿದ್ದು ನಕ್ಕಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳ ಬೆಳೆಯುತ್ತ ನಾಲ್ಕು ಸಲ ಚರ್ಮ ಕಳಚುತ್ತದೆ. ಆಗ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ. ನಾಲ್ಕನೆಯದು ಕೊನೆಯದು. ಅದರಿಂದ ಎದ್ದರೆ ಹಸಿದು ಹಸಿದು ತಿಂದು ಗೂಡು ಕಟ್ಟುತ್ತದೆ. ಏಳದಿದ್ದರೆ ಬೆಳೆ ಹೋಯಿತು. ಅಯ್ಯನವರು ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ ಬೆಳೆದವರು. ಮನೆಮಾತು ತಮಿಳು. ಹುಳ ಕಂಡವರಲ್ಲ. ಕಾಣುವಂತೆಯೂ ಇರಲಿಲ್ಲ, ಹುಳದ ಮನೆಯೊಳಕ್ಕೆ ಹೊರಗಿನವರನ್ನು ಯಾರೂ ಬಿಡುವುದಿಲ್ಲ. ನಾಲ್ಕನೇ ಜ್ವರ ಎಂದದ್ದು ಅವರ ಬಾಯಲ್ಲಿ ನಾಲ್ಕು ಸಲ ಜ್ವರ ಆಯಿತು. ಆ ಒಂದು ಮಾತು ಬದಲಾಗಿದ್ದರಿಂದ ನನಗಾಗಲಿ ಸಾಕ್ಷಿ ಕೇಳಿ ಅತ್ತ ಹಳ್ಳಿಯವರಿಗಾಗಲಿ ಹೊಳೆಯಲೇ ಇಲ್ಲ.

"ಚಿಕ್ಕವ್ವ, ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ನನಗೆ ಮೈ ಬಿಸಿಯೂ ಇರಲಿಲ್ವಾ?"

"ಏನೂ ಇರ್ಲಿಲ್ಲ ಕಣ್ಮಗ. ಸಂಜೇಲಿ ಮುದ್ದೆ ತಿಂದು ಹುಳದ ತಟ್ಟೆಗೆ ಕೈ ಹಾಕೋಕೋಗಿ ಏಟು ತಿಂದೆ."

ಅವ್ವನ ಬೆರಳು ಸುಲಿಯುತ್ತಲೇ ಇತ್ತು. ಕಾಳು ಸಿಪ್ಪೆಯ ಕಡೆ, ಸಿಪ್ಪೆ ಕಾಳಿನ ಕಡೆ ಬೀಳುತ್ತಿದ್ದವು.

ಚಿಕ್ಕವ್ವ ಊರಿಗೆ ಹೋದ ಮೇಲೆ ಅವ್ವನನ್ನು ಕೇಳಿದೆ. "ಅವಳ ಮಾತ್ ಕಟ್ಕೊಂಡು ಏನಾಗ್ಬೇಕು," ಎಂದಳು. ಮತ್ತೆ ಕೇಳಿದೆ. ಎದ್ದು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದಳು. ನಾನು ಮಾತು ಬಿಟ್ಟೆ. ಅವಳಿಗೆ ಸ್ನಾನ ಮಾಡಿಸಿದೆ, ತಲೆ ಬಾಚಿದೆ, ಕಣ್ಣಿಗೆ ಡ್ರಾಪ್ಸ್ ಹಾಕಿದೆ, ತಟ್ಟೆಗೆ ಮುದ್ದೆ ಇಟ್ಟೆ. ಎಲ್ಲ ಮಾತಿಲ್ಲದೆ. ಒಳಗೆ ಮಾತ್ರ ಹಗುರಾಗಿತ್ತು. ಆ ವಾರ ಕಾರ್ಖಾನೆಯಲ್ಲಿ ತಲೆ ಸುತ್ತಿದಾಗ ಎದ್ದು ಒಂದು ಲೋಟ ಮಜ್ಜಿಗೆ ಕುಡಿದು ಮತ್ತೆ ಕೂತೆ, ಅಷ್ಟೇ. ನನ್ನ ಜೀವವನ್ನು ಯಾರೂ ಕೊಟ್ಟಿರಲಿಲ್ಲ. ಆದ್ದರಿಂದ ಯಾರೂ ಕೇಳುವಂತಿಲ್ಲ. ಮಾತು ತಿಳಿಯದವರೊಬ್ಬರ ತಪ್ಪು, ಅದಕ್ಕೆ ಯಾರನ್ನೂ ದೂರುವಂತಿಲ್ಲ ಎಂದುಕೊಂಡೆ. ಟೈಲರು ತೊಳೆದಿಟ್ಟ ಚೊಂಬು ಮಾತ್ರ ಆಗಾಗ ನೆನಪಾಗುತ್ತಿತ್ತು.

ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಳ್ಳಬೇಕೆಂದು ಅವ್ವ ಮಂದಿರಕ್ಕೆ ಹೇಳಿ ಕಳಿಸಿದಳು. ಈಗೀಗ ನಡೆದು ಹೋಗಲು ಅವಳಿಗೆ ಆಗುವುದಿಲ್ಲ. ನಾನು ಬೇಡ ಎನ್ನಲಿಲ್ಲ, ಅವಳ ದೇವರು ಅವಳಿಗೆ. ಹೊಸ ಪಾಸ್ಟರು ಬಂದರು. ವಯಸ್ಸು ಚಿಕ್ಕದು, ಮೆದು ಮಾತು. ಜೊತೆಗೆ ನಾಲ್ಕಾರು ಹೆಂಗಸರು. ನಾನು ಅಡಿಗೆಮನೆಯಲ್ಲಿ ಟೀ ಇಟ್ಟೆ. ನಡುಮನೆಗೂ ಅಡಿಗೆಮನೆಗೂ ನಡುವೆ ಒಂದು ಕರ್ಟನ್ನು ಅಷ್ಟೇ, ಹಾಡು, ಪ್ರಾರ್ಥನೆ ಎಲ್ಲ ಕೇಳುತ್ತದೆ.

"ಅಜ್ಜೀ, ನಿಮ್ಮ ಸಾಕ್ಷಿ ಹೇಳಿ. ಹೊಸಬರು ಬಂದಿದ್ದಾರೆ," ಎಂದರು ಪಾಸ್ಟರು.

ಅವ್ವ ಗಂಟಲು ಸರಿಮಾಡಿಕೊಂಡಳು.

"ಇಷ್ಟು ದಿನ ಹೇಳ್ಕಂಡು ಬಂದಿದ್ದು ಸರಿಯಿಲ್ಲ ಅಯ್ಯ. ಸುಳ್ಳು ಹೊತ್ಕಂಡು ಕರ್ತನ ತಾವಿಗೆ ಹೋಗಾಕಾಗಲ್ಲ. ಮಗೀಗೆ ಜ್ವರ ಇರ್ಲಿಲ್ಲ. ಜ್ವರ ಇದ್ದಿದ್ದು ಹುಳುಕ್ಕೆ."

"ಹುಳ?"

"ರೇಸ್ಮೆ ಹುಳ. ನಾಲ್ಕನೇ ಜ್ವರ."

ಹೆಂಗಸರಲ್ಲಿ ಒಬ್ಬರು ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡದ್ದು ಕೇಳಿಸಿತು.

"ಊರಾಗೆಲ್ಲ ಸುಣ್ಣಕಟ್ಟು ಬಿದ್ದಿತ್ತು. ಒಬ್ಬೊಬ್ಬರ ಮನೇಲೂ ಹುಳ ಸೀಮೆಸುಣ್ಣದಂಗೆ ಸೆಟ್ಕೊಂಡು ಸತ್ತಿದ್ವು. ನಮ್ಮವು ಜ್ವರಕ್ಕೆ ಕುಂತವು ಏಳ್ನೇ ಇಲ್ಲ. ಅವತ್ತು ಅಯ್ನೋರು ಬಾಗ್ಲಿಗೆ ಬಂದು, ಏನಮ್ಮಾ ಪ್ರಾರ್ಥನೆಗೆ ಅಂದ್ರು. ಮನೇಲಿ ನಾಲ್ಕನೇ ಜ್ವರ ಅಯ್ಯ, ಎದ್ರೆ ಉಂಟು, ಇಲ್ದಿದ್ರೆ ಇಲ್ಲ ಅಂದೆ. ಮಗ ನನ್ ಸೊಂಟದ ಮ್ಯಾಲೆ ನಿದ್ದೆ ಮಾಡ್ತಿತ್ತು. ಅದರ ತಲೆ ಮ್ಯಾಲೆ ಕೈ ಮಡಗುಬುಟ್ರು. ಅದುಕ್ಕಲ್ಲ ಅಯ್ಯ, ಹುಳುಕ್ಕೆ ಅನ್ನೋಕೆ ಬಾಯ್ ತೆಗುದೆ. ಅಷ್ಟ್ರಾಗೆ ಕಣ್ಮುಚ್ಚುಬುಟ್ಟಿದ್ರು. ಕಣ್ಮುಚ್ಚಿರೋರ್ನ ತಡೆಯಾದು ಹೆಂಗೆ?"

ನಾನು ಟೀ ಸೋಸುತ್ತಿದ್ದೆ. ನನಗೂ ಸಣ್ಣ ನಗು ಬಂತು.

"ಮಾರನೇ ದಿನ ಬಂದು, ಹೆಂಗಮ್ಮಾ ಅಂದ್ರು. ಎದ್ವು ಅಯ್ಯ, ಎದ್ದು ಸೊಪ್ಪು ತಿಂತಾ ಅವೆ ಅಂದೆ. ಎದ್ವು ಅನ್ನೋದಷ್ಟೇ ಅವರಿಗೆ ಕೇಳಿದ್ದು. ಅಲ್ಲೇ ಮೊಣಕಾಲೂರುಬುಟ್ರು. ದೊಡ್ಡೋರು ಕಣ್ಣೀರ್ ಹಾಕ್ತಾವ್ರೆ, ನಾನೇನು ಹೇಳ್ಲಿ? ಮುಂದುಕ್ಕೆ ಅದೇ ನಡ್ಕಂಡೋಯ್ತು. ಒಂದ್ ಮಾತು ಮಾತ್ರ ಅವ್ರಿಗೂ ಗೊತ್ತಿರ್ಲಿಲ್ಲ. ಅವ್ರು ಪ್ರಾರ್ಥನೆ ಮಾಡುವಾಗ ನಾನೂ ಕಣ್ಮುಚ್ಚಿ ಬೇಡ್ಕಂಡೆ. ಇವ್ರು ತಪ್ ತಿಳ್ಕೊಂಡವ್ರೆ, ನಿಂಗಾದ್ರೂ ಗೊತ್ತಾಗ್ಲಿ, ಹುಳುನ ಎಬ್ಸು. ಎಬ್ಸುದ್ರೆ ಈ ಮಗೀನ ನಿಂಗೇ ಕೊಟ್ಬುಡ್ತೀನಿ, ಮದ್ವೆ ಗಿದ್ವೆ ಏನೂ ಮಾಡಕಿಲ್ಲ ಅಂದೆ. ಎಬ್ಸುದ್ನಲ್ಲ. ಕೊಟ್ಟೆ."

ಸೋಸಣಿಗೆ ನನ್ನ ಕೈಯಲ್ಲೇ ಇತ್ತು. ಟೀ ಲೋಟ ತುಂಬಿ ಹೊರಗೆ ಹರಿದು ಕಾಲಿನ ಮೇಲೆ ಬಿದ್ದಾಗ ಸರಿದು ನಿಂತೆ.

ಈಗ ಯಾರಾದರೂ ಏನಾದರೂ ಹೇಳುತ್ತಾರೆ, ಒಬ್ಬರಾದರೂ ಅಯ್ಯೋ ಎನ್ನುತ್ತಾರೆ ಎಂದು ಕರ್ಟನ್ನಿನ ಹಿಂದೆ ನಿಂತು ಕಾದೆ.

"ಸ್ತೋತ್ರ," ಎಂದರು ಪಾಸ್ಟರು. ಆಮೇಲೆ ದನಿ ಏರಿತು. "ನೋಡಿ, ಹುಳವನ್ನೂ ಕರ್ತನು ಮರೆಯಲಿಲ್ಲ. ಈ ತಾಯಿ ತನ್ನ ಕೈಯಲ್ಲಿದ್ದ ಬೆಲೆಯುಳ್ಳದ್ದನ್ನೇ ಕೊಟ್ಟರು. ಮೊದಲಿನದಕ್ಕಿಂತ ಇದು ದೊಡ್ಡ ಸಾಕ್ಷಿ. ಮುಂದಿನ ಕೂಟದಲ್ಲಿ ಹೇಳಬೇಕು ಅಜ್ಜಿ." ಹೆಂಗಸರು ಆಮೆನ್ ಆಮೆನ್ ಎಂದರು. ನಕ್ಕ ಹೆಂಗಸೂ ಎಂದರು.

ನಾನು ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಹೊರಗೆ ಬಂದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೂಟಗಳಲ್ಲಿ ಮೈಕು ಹಿಡಿದು ನಿಂತಾಗ ಜನ ನೋಡುತ್ತಿದ್ದ ಅದೇ ನೋಟ. ಲೋಟ ತೆಗೆದುಕೊಳ್ಳುತ್ತ ಪಾಸ್ಟರು ಪ್ರೀತಿಯಿಂದಲೇ, "ಸಿಸ್ಟರ್, ನೀವು ಬಿಟ್ಟರೂ ಆತ ಬಿಡಲ್ಲ," ಎಂದರು. ಸಕ್ಕರೆ ಸಾಕೇ ಎಂದು ಕೇಳಿದೆ. ಸಾಕು ಎಂದರು.

ಅವರೆಲ್ಲ ಹೋದ ಮೇಲೆ ಚಾಪೆ ಸುತ್ತಿಟ್ಟು, ಲೋಟ ತೊಳೆದು ಬಂದು ಅವ್ವನ ಎದುರು ಕೂತೆ. ಬೆಳಕು ಇನ್ನೂ ಇತ್ತು. ಅವಳ ಮುಖ ಜ್ವರ ಬಿಟ್ಟವರ ಮುಖದಂತೆ ತಿಳಿಯಾಗಿತ್ತು.

"ಸರಿಯಾಗಿ ಹೇಳ್ದೆ ಅಲ್ವಾ?" ಎಂದಳು.

"ನನ್ನನ್ನ ಯಾಕವ್ವ?"

ಅವಳಿಗೆ ಪ್ರಶ್ನೆ ಮೊದಲು ಅರ್ಥವಾಗಲಿಲ್ಲ. "ಯಾಕೆ ಅಂದ್ರೆ? ಕುರಿ ಕೋಳಿ ಆ ದೇವ್ರು ಇಸ್ಕೊಳಕಿಲ್ಲ ಅಂದಿದ್ರು ಅಯ್ನೋರು. ಇನ್ನೇನಿತ್ತು ಕೊಡಾಕೆ? ಕೈಯಾಗಿದ್ದಿದ್ದು ನೀನೇ."

"ಹುಳ ತಾವಾಗೇ ಎದ್ದಿರಬಹುದಲ್ವಾ? ಕೆಲವು ಸಲ ತಡವಾಗಿ ಏಳ್ತವಲ್ಲ."

"ಎದ್ದಿರ್ಬೌದು," ಎಂದಳು ಅವ್ವ ಯೋಚಿಸದೆ. "ಆದ್ರೆ ಅಂದ್ಬುಟ್ಟಿದ್ನಲ್ಲ ಕಣವ್ವ. ಅಂದ ಮ್ಯಾಲೆ ತಪ್ಪೋದುಂಟಾ?"

ಬೈಯಬೇಕೆಂದು ಬಾಯಿ ತೆರೆದೆ. ಎದುರಿಗಿದ್ದದ್ದು ಕಣ್ಣು ಮಂಜಾದ ಮುದುಕಿ, ನನ್ನ ಮುಖವನ್ನು ದನಿಯಲ್ಲಿ ಹುಡುಕುತ್ತ ತಲೆ ಒಂದು ಕಡೆ ವಾಲಿಸಿಕೊಂಡಿದ್ದಳು. ಅವಳು ಸುಳ್ಳು ಹೇಳಿದ್ದಳು, ಅದನ್ನು ಒಪ್ಪಿಕೊಂಡಳು. ಕೊಟ್ಟದ್ದು ತಪ್ಪೆಂದು ಅವಳಿಗೆ ತೋರಿಯೇ ಇರಲಿಲ್ಲ. ತೋರಿಸಿಕೊಡುವಷ್ಟು ದಿನ ಅವಳಲ್ಲಿ ಉಳಿದಿರಲೂ ಇಲ್ಲ. ಸಾವಿನಿಂದ ಎದ್ದ ಕೂಸು ನಾನಲ್ಲ ಎಂದು ತಿಳಿದು ಒಂದು ವಾರ ಹಗುರಾಗಿದ್ದೆ. ಈಗ ನಾನು ಯಾರು ಎಂದೂ ತಿಳಿಯಿತು.

ಬೇರೆ ಏನು ಕೇಳಬೇಕೋ ಗೊತ್ತಾಗದೆ, "ಆ ಬೆಳೆ ಹೆಂಗಾಯ್ತು?" ಎಂದೆ.

"ಅದಾ!" ಅವ್ವನ ಮುಖ ಅರಳಿತು. "ಅಂಥ ಗೂಡು ಆಮ್ಯಾಲೆ ಯಾವತ್ತೂ ಆಗ್ಲಿಲ್ಲ. ಕಲ್ಲಂಗಿದ್ವು, ಕಿವಿ ತಾವ ಅಲ್ಲಾಡ್ಸಿದ್ರೆ ಗಿಲಿ ಗಿಲಿ ಅನ್ನೋವು. ನಿಮ್ಮಪ್ಪ ರಾಮನಗರದ ಮಾರ್ಕೆಟ್ಟಿಗೆ ಎತ್ಕೊಂಡೋಗಿ ಮಾರ್ಕೊಂಡು ಬಂದು ಮನೆಗೆ ಹೆಂಚು ಹಾಕುಸ್ದ. ಅಲ್ಲೀಗಂಟ ಗರಿ ಹೊದ್ಸಿದ್ ಮನೆ. ಮಳೆಗೆ ಒಂದ್ ಹುಳದ ತಟ್ಟೆ ಇಡೋಕೂ ಜಾಗ ಇರ್ಲಿಲ್ಲ."

"ಆ ಹೆಂಚು ಈಗ ಇದ್ದಾವಾ?"

"ಎಲ್ಲಿ? ನಿಮ್ ಚಿಕ್ಕಪ್ಪ ಯಾವಾಗ್ಲೋ ಕೆಡವಿ ಆರ್‌ಸಿಸಿ ಹಾಕುಸ್ದ. ಹೆಂಚೆಲ್ಲ ತಿಪ್ಪೆ ಪಕ್ಕಕ್ಕೆ ಪೇರ್ಸಿದ್ರು. ಯಾರ್ಯಾರೋ ಎತ್ಕೊಂಡೋದ್ರು."

ಹೂಂ ಎಂದೆ. ಅವಳ ಕಣ್ಣಿನ ಡ್ರಾಪ್ಸಿಗೆ ಹೊತ್ತಾಗಿತ್ತು. ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ರೆಪ್ಪೆ ಬಿಡಿಸಿ ಹಾಕಿದೆ. ಅಲುಗಾಡಬೇಡ, ಹೊರಗೆ ಬೀಳುತ್ತದೆ ಎಂದೆ. ಅವಳು ಅಲುಗಾಡಲಿಲ್ಲ.